ಟಿಬಿ ವಾಸಿಯಾಗಿ ವರ್ಷಗಳಾದ ಮೇಲೆ ಕೆಮ್ಮಿದರೆ ರಕ್ತ ಏಕೆ?
ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಲೈನ್ ಮನೆಗಳಲ್ಲಿ ಯಾರಾದರೂ ಕೆಮ್ಮಿ ರಕ್ತ ಉಗುಳಿದರೆ ಎಲ್ಲರೂ ಹೇಳುವುದು ಒಂದೇ: ‘ಟಿಬಿ ಇರಬೇಕು.’ ಕಫ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ಟಿಬಿ ಇಲ್ಲ ಅಂತ ಬರುತ್ತದೆ. ಆದರೂ ರಕ್ತ ನಿಲ್ಲುವುದಿಲ್ಲ. ಕೊನೆಗೆ ಬೆಂಗಳೂರಿಗೋ, ಘಾಟಿ ಇಳಿದು ಮಂಗಳೂರಿಗೋ ಹೋದರೆ ಡಾಕ್ಟರು ‘ಶ್ವಾಸಕೋಶದ ರಕ್ತನಾಳ ಮುಚ್ಚಬೇಕು’ ಅನ್ನುತ್ತಾರೆ. ನಾಳ ಮುಚ್ಚಿದರೆ ಉಸಿರಾಡೋದು ಹೇಗೆ ಅಂತ ಮನೆಯವರಿಗೆ ಗಾಬರಿ.

ಶ್ವಾಸಕೋಶಕ್ಕೆ ರಕ್ತ ಬರುವ ದಾರಿ ಎರಡು. ಆಮ್ಲಜನಕ ತುಂಬಿಸಿಕೊಳ್ಳಲು ಹೃದಯದ ಬಲಭಾಗದಿಂದ ಬರುವುದು ದೊಡ್ಡ ದಾರಿ. ಡಾಕ್ಟರು ನಾಳ ಮುಚ್ಚುವಾಗ ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಇನ್ನೊಂದು, ಮಹಾಧಮನಿಯಿಂದ ಕವಲೊಡೆದು ಶ್ವಾಸನಾಳಗಳನ್ನು ಪೋಷಿಸುವ ಸಣ್ಣ ಬ್ರಾಂಕಿಯಲ್ ನಾಳಗಳು. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಶೇ 1ರಷ್ಟು ಮಾತ್ರ ಇವುಗಳಲ್ಲಿ ಹರಿಯುತ್ತದೆ. ಟಿಬಿ ವಾಸಿಯಾದರೂ ಅದು ಬಿಟ್ಟುಹೋದ ಗಾಯದ ಕಲೆ, ಟೊಳ್ಳು, ಹಿಗ್ಗಿದ ಶ್ವಾಸನಾಳ ಹಾಗೇ ಉಳಿಯುತ್ತವೆ. ಅಲ್ಲಿ ಈ ಸಣ್ಣ ನಾಳಗಳು ದಪ್ಪವಾಗಿ ಸುರುಳಿ ಸುತ್ತಿಕೊಳ್ಳುತ್ತವೆ. ಒತ್ತಡ ಜಾಸ್ತಿ, ಗೋಡೆ ತೆಳು. ಜೋರಾಗಿ ರಕ್ತ ಬರುವ 100ರಲ್ಲಿ ಸುಮಾರು 90 ಮಂದಿಗೆ ಒಡೆದಿರುವುದು ಇವೇ.

1882ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಟಿಬಿಯ ರೋಗಾಣು ಕಂಡುಹಿಡಿದರು, ರೋಗಿಗಳನ್ನು ಇಟ್ಟು ಆರೈಕೆ ಮಾಡುವ ಸ್ಯಾನಿಟೋರಿಯಂಗಳ ಕಾಲ ಬಂತು, 1940ರ ದಶಕದಲ್ಲಿ ಟಿಬಿಗೆ ಸ್ಟ್ರೆಪ್ಟೋಮೈಸಿನ್ ಔಷಧಿ ಬಂತು. ಆದರೂ ಜೋರಾಗಿ ರಕ್ತ ಬಂದರೆ ಶ್ವಾಸಕೋಶದ ಭಾಗವನ್ನೇ ಕತ್ತರಿಸುವುದು ಮುಖ್ಯ ದಾರಿಯಾಗಿತ್ತು. ಎರಡೂ ಕಡೆ ಕೆಟ್ಟವರಿಗೆ ಆಪರೇಷನ್ ತಡೆದುಕೊಳ್ಳುವ ಶಕ್ತಿಯೇ ಇರುತ್ತಿರಲಿಲ್ಲ.

1970ರ ದಶಕದ ಮೊದಲ ಭಾಗದಲ್ಲಿ ಫ್ರಾನ್ಸ್‌ನ ಜಾಕ್ ರೆಮಿ ಮತ್ತು ಜೊತೆಗಾರರು ಬೇರೆ ದಾರಿ ತೋರಿಸಿದರು. ತೊಡೆಸಂದಿಯ ರಕ್ತನಾಳದಿಂದ ತೆಳು ಕೊಳವೆ ತೂರಿಸುತ್ತಾರೆ. ಎಕ್ಸ್‌ರೇ ಪರದೆ ನೋಡುತ್ತ, ಬಣ್ಣ ಬಿಟ್ಟು, ಊದಿಕೊಂಡ ನಾಳ ಹುಡುಕುತ್ತಾರೆ. ಆಮೇಲೆ ಜೆಲಾಟಿನ್ ಸ್ಪಂಜಿನ ಚೂರು ಅಥವಾ ಸಣ್ಣ ಪ್ಲಾಸ್ಟಿಕ್ ಕಣ ಬಿಟ್ಟು ಅದನ್ನು ಮುಚ್ಚುತ್ತಾರೆ. ಕಣದ ಅಳತೆ ಸಾಮಾನ್ಯವಾಗಿ 300ರಿಂದ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ಒಳಗೆ. ತೀರಾ ಚಿಕ್ಕದಾದರೆ ಹೋಗಬಾರದ ಕಡೆ ಹೋಗುತ್ತದೆ. ದೊಡ್ಡ ಅಪಾಯ ಇರುವುದು ಬೆನ್ನುಹುರಿಯ ನಾಳದಲ್ಲಿ. ಕೆಲವರಲ್ಲಿ ಅದು ಇದೇ ಕವಲಿನಿಂದ ಹೊರಡುತ್ತದೆ. ಅದು ಮುಚ್ಚಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ಹಾಗಾಗಿ ಈಗ ಇನ್ನೂ ತೆಳುವಾದ ಕೊಳವೆಯಲ್ಲಿ ಆ ನಾಳ ದಾಟಿ ಮುಂದೆ ಹೋಗಿ ಕಣ ಬಿಡುತ್ತಾರೆ. ಕಣದ ಬದಲು ತಂತಿ ಸುರುಳಿ ಹಾಕಿ ನಾಳ ಮುಚ್ಚಲು ಹಿಂಜರಿಯುವುದಕ್ಕೂ ಕಾರಣವಿದೆ: ಮತ್ತೆ ರಕ್ತ ಬಂದರೆ ಒಳಗೆ ಹೋಗಲು ಅದೇ ದಾರಿ ಬೇಕು. ಮತ್ತೆ ಬರುವುದು ಅಪರೂಪವೂ ಅಲ್ಲ. ಟೊಳ್ಳಿನಲ್ಲಿ ಬೂಷ್ಟಿನ ಗಡ್ಡೆ ಬೆಳೆದಿದ್ದರಂತೂ ಇನ್ನೂ ಜಾಸ್ತಿ.

ಹಾಸನದಲ್ಲಿ 2006ರಿಂದ ವೈದ್ಯಕೀಯ ಕಾಲೇಜಿದೆ, ಚಿಕ್ಕಮಗಳೂರಿಗೂ ಈಚೆಗೆ ಬಂದಿದೆ. ಆದರೆ ಈ ಚಿಕಿತ್ಸೆಗೆ ಪಳಗಿದ ಕೈ ಬೇಕು. ಅಂಥವರು ದೊಡ್ಡ ಊರುಗಳಲ್ಲೇ ಜಾಸ್ತಿ. ಟಿಬಿ ಔಷಧಿ ಮುಗಿದ ಮೇಲೆ 2 ವರ್ಷ ಆಗಾಗ ತಪಾಸಣೆ ಆಗಬೇಕೆಂಬ ನಿಯಮವಿದೆ. ರಕ್ತ 10 ವರ್ಷದ ಮೇಲೂ ಬರಬಹುದು. ‘ವಾಸಿಯಾಯ್ತು’ ಅಂತ ಮನೆಗೆ ಕಳಿಸುವ ದಿನವೇ ಇದನ್ನೂ ಹೇಳಬೇಕು ಅಲ್ವಾ?

ಹೀಗೆ ಜೋರಾಗಿ ರಕ್ತ ಕೆಮ್ಮುವವರಿಗೆ ಸಾವು ಬರುವುದು ಹೆಚ್ಚಾಗಿ ರಕ್ತ ಕಡಿಮೆಯಾಗಿ ಅಲ್ಲ, ಉಸಿರು ಕಟ್ಟಿ. ಗಾಳಿ ಹೋಗುವ ಕೊಳವೆಗಳಲ್ಲಿ ಹಿಡಿಸುವುದೇ ಸುಮಾರು 150 ಮಿಲಿ. ಆದ್ದರಿಂದ ಶಿರಾಡಿಯೋ ಚಾರ್ಮಾಡಿಯೋ ಇಳಿಯುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ತಡೆಯುವ ಔಷಧಿ ಕೊಡಿಸಿ, ರಕ್ತ ಬರುತ್ತಿರುವುದು ಎಡವೋ ಬಲವೋ ಅಂತ ಎಕ್ಸ್‌ರೇ ತೆಗೆಸಿ ಕೇಳಿ. ಗೊತ್ತಾದರೆ ಅದೇ ಮಗ್ಗುಲು ಕೆಳಗೆ ಬರುವಂತೆ ಮಲಗಿಸಿ ಕರೆದೊಯ್ಯಬೇಕು. ಆಗ ಒಳ್ಳೆಯ ಕಡೆಗೆ ರಕ್ತ ಹರಿಯುವುದು ತಪ್ಪುತ್ತದೆ.