ಡ್ರೆಸ್ಸಿಂಗ್ ಮೇಲಿನ ತಾರೀಖು

ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಸೇರುವ ಪುಟ್ಟ ಆಸ್ಪತ್ರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅದು ವಯಸ್ಸಾದವರು, ಹಾಸಿಗೆ ಹಿಡಿದವರು ವರ್ಷಗಟ್ಟಲೆ ಇರುವ ಜಾಗ. ಡಾಕ್ಟರು ದಿನಾ ಬರುವುದಿಲ್ಲ. ಅವರು ಬರೆದಿಟ್ಟು ಹೋದ ಆರ್ಡರ್ ಪ್ರಕಾರ ಉಳಿದವರು ನಡೆಸಿಕೊಂಡು ಹೋಗಬೇಕು.

ಆ ಆರ್ಡರ್ ನಡೆಯಿತೋ ಇಲ್ಲವೋ ಅನ್ನುವುದು ಬೆಡ್ ಸೋರ್‌ನಲ್ಲಿ ಬೇಗ ಗೊತ್ತಾಗುತ್ತದೆ. ಹಿಮ್ಮಡಿ, ಸೊಂಟ, ಬೆನ್ನಿನ ತುದಿ, ಹೀಗೆ ಒಂದೇ ಕಡೆ ಭಾರ ಬಿದ್ದರೆ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಮೊದಲು ಒತ್ತಿದರೂ ಬಿಳುಪಾಗದ ಕೆಂಪು ಕಲೆ. ಸುಮ್ನೆ ಬಿಟ್ಟರೆ ಮೂಳೆ ಕಾಣುವಷ್ಟು ಆಳದ ಹುಣ್ಣು.

ತಪ್ಪು ಯಾರದು ಅನ್ನುವ ಜಗಳ ಹಳೆಯದು. ಇದು ಸಾಮಾನ್ಯವಾಗಿ ಕಾಯಿಲೆಯ ತಪ್ಪಲ್ಲ, ಆರೈಕೆಯ ತಪ್ಪು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಪ್ಯಾರಿಸ್ಸಿನ ನರರೋಗ ತಜ್ಞ ಶಾರ್ಕೊ ಆಮೇಲೆ ಉಲ್ಟಾ ಹೇಳಿದರು: ನರಕ್ಕೆ ಪೆಟ್ಟಾಗಿದ್ದರೆ ಹುಣ್ಣು ತಪ್ಪಿದ್ದಲ್ಲ. ಕೈಕಟ್ಟಿ ಕೂರಲು ಇದಕ್ಕಿಂತ ಒಳ್ಳೆಯ ನೆಪ ಬೇಕಾ? 1962ರಲ್ಲಿ ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್, ಯಾರಿಗೆ ಹುಣ್ಣಾಗುವ ಅಪಾಯ ಜಾಸ್ತಿ ಎಂದು ಮೊದಲೇ ಅಂದಾಜು ಮಾಡುವ ಅಂಕಗಳ ಲೆಕ್ಕ ಕೊಟ್ಟರು.

1965ರಲ್ಲಿ ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳು ಬಂದು ನರ್ಸಿಂಗ್ ಹೋಮ್‌ಗಳಿಗೆ ಸರ್ಕಾರದ ದುಡ್ಡು ಹರಿಯಿತು. ತಪಾಸಣೆಯೂ ಬಂತು. ಆದರೆ ತಪಾಸಣೆ ನಡೆದದ್ದು ಹೆಚ್ಚಾಗಿ ಕಾಗದದ ಮೇಲೆ. ಈ ಸಂಸ್ಥೆಗೆ ಒಳ್ಳೆಯ ಆರೈಕೆ ಕೊಡುವ ಶಕ್ತಿ ಇದೆಯೇ ಎಂದು ನೋಡುತ್ತಿದ್ದರು, ಕೊಡುತ್ತಿದೆಯೇ ಎಂದಲ್ಲ. ಇದನ್ನೇ ಹಿಡಿದು 1975ರಲ್ಲಿ ಕೊಲೊರಾಡೋ ರಾಜ್ಯದ ನರ್ಸಿಂಗ್ ಹೋಮ್‌ಗಳಲ್ಲಿದ್ದವರು ಕೋರ್ಟಿಗೆ ಹೋದರು. ಆರೈಕೆ ನಿಜಕ್ಕೂ ಸಿಗುತ್ತಿದೆಯೇ ಎಂದು ನೋಡುವುದು ಸರ್ಕಾರದ ಕೆಲಸ ಎಂದು 1984ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ನನಗೆ ಕೇಳಿದರೆ ಕಥೆ ತಿರುಗಿದ್ದು ಇಲ್ಲೇ. 1987ರಲ್ಲಿ ಸುಧಾರಣಾ ಕಾಯ್ದೆ ಬಂತು. ಅದರ ಕೆಳಗೆ ಬಂದ ನಿಯಮ ಸರಳ: ಹುಣ್ಣಿಲ್ಲದೆ ಬಂದವರಿಗೆ, ತಪ್ಪಿಸಲಾಗದ ಸಂದರ್ಭ ಬಿಟ್ಟರೆ, ಹುಣ್ಣಾಗಬಾರದು. ಇದ್ದರೆ ವಾಸಿಯಾಗುವಂಥ ಚಿಕಿತ್ಸೆ ಸಿಗಬೇಕು. ಇವತ್ತು ತಪಾಸಣೆಯವರ ಲೋಪಗಳ ಪಟ್ಟಿಯಲ್ಲಿ ಇದಕ್ಕೆ ಎಫ್-686 ಎಂಬ ನಂಬರಿದೆ.

ಈಗ ತಪಾಸಣೆಗೆ ಬಂದವರು ಫೈಲ್ ನೋಡಿ ಸುಮ್ಮನಾಗುವುದಿಲ್ಲ, ಹೊದಿಕೆ ಸರಿಸುತ್ತಾರೆ. ಡ್ರೆಸ್ಸಿಂಗ್ ಮೇಲೆ ಅದನ್ನು ಹಾಕಿದ ನರ್ಸ್ ಪೆನ್ನಿನಲ್ಲಿ ತಾರೀಖು, ಇನಿಶಿಯಲ್ ಬರೆದಿರುತ್ತಾರೆ. ಆರ್ಡರ್‌ನಲ್ಲಿ ‘ದಿನಾ ಬದಲಿಸಿ’ ಎಂದಿದೆ. ಚಾರ್ಟ್‌ನಲ್ಲಿ ದಿನಾ ಸಹಿಯೂ ಬಿದ್ದಿದೆ. ಆದರೆ ಡ್ರೆಸ್ಸಿಂಗ್ ಮೇಲಿರುವುದು ಮೂರು ದಿನದ ಹಿಂದಿನ ತಾರೀಖು! ಭಾರ ಒಂದೇ ಕಡೆ ಬೀಳದಂತೆ ರೋಗಿಯ ತೂಕಕ್ಕೆ ಹೊಂದಿಸಿ ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ಕಥೆಯೂ ಇಂಥದ್ದೇ. ಅಜ್ಜಿಯ ತೂಕ ಐವತ್ತು ಕೆ.ಜಿ., ಪಂಪಿನ ತಿರುಗಣೆ ಇರುವುದು ನೂರೈವತ್ತರಲ್ಲಿ. ಹಾಸಿಗೆ ಹಲಗೆಯಂತಾಗಿರುತ್ತದೆ. ಹಿಮ್ಮಡಿಗೆ ಹಾಕಬೇಕಾದ ಮೆತ್ತನೆಯ ಬೂಟು ಬೀರುವಿನಲ್ಲಿ ಬೆಚ್ಚಗಿರುತ್ತದೆ.

ನರ್ಸ್‌ಗಳನ್ನಷ್ಟೇ ಬೈದರೆ ಅನ್ಯಾಯ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಲು ಕೈಗಳು ಬೇಕಲ್ವಾ? ಒಬ್ಬೊಬ್ಬರಿಗೆ ದಿನಕ್ಕೆ ಕನಿಷ್ಠ 3.48 ಗಂಟೆಯ ಶುಶ್ರೂಷೆ ಸಿಗಬೇಕೆಂದು 2024ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ನಿಯಮ ಮಾಡಿತು. ನರ್ಸಿಂಗ್ ಹೋಮ್‌ಗಳ ಸಂಘಗಳು ಕೋರ್ಟಿಗೆ ಹೋದವು. 2025ರ ಏಪ್ರಿಲ್‌ನಲ್ಲಿ ಟೆಕ್ಸಾಸಿನ ಫೆಡರಲ್ ಕೋರ್ಟು ಅದನ್ನು ರದ್ದು ಮಾಡಿತು.

ಲೋಪ ಸಿಕ್ಕಿದ ಮೇಲೆ ಸಂಸ್ಥೆ ತಿದ್ದುಪಡಿ ಯೋಜನೆ ಬರೆದುಕೊಡಬೇಕು. ಅದರಲ್ಲಿ ಸಾಮಾನ್ಯವಾಗಿ ಎರಡು ಮಾತಿರುತ್ತವೆ: ನರ್ಸ್‌ಗಳಿಗೆ ಮತ್ತೆ ತರಬೇತಿ ಕೊಟ್ಟಿದ್ದೇವೆ, ಇನ್ನು ಮೇಲೆ ಪ್ರತಿ ವಾರ ಡ್ರೆಸ್ಸಿಂಗ್ ಪರೀಕ್ಷೆ ಮಾಡಿ ಟಿಕ್ ಹಾಕಲು ಹೊಸದೊಂದು ಹಾಳೆ ಮಾಡಿದ್ದೇವೆ.