ಮೀನು ಸತ್ತಿಲ್ಲ ಸರಿ, ಮರಿ ಎಲ್ಲಿ?

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ ಕಡೆಯ ಕೆರೆಗಳಿಗೆ ಹೋದಾಗೆಲ್ಲ ಒಂದು ಮಾತು ಕೇಳಿಬರುತ್ತದೆ. "ಒಂದು ಮೀನೂ ತೇಲಿಲ್ಲ ಸಾರ್, ನೀರು ಚೆನ್ನಾಗಿದೆ ಅಲ್ವಾ?" ಹೌದು ಅನ್ನೋಕೆ ನನಗೆ ಧೈರ್ಯ ಬರುವುದಿಲ್ಲ. ವಿಷ ಜಾಸ್ತಿಯಾದರೆ ಮೀನು ಸತ್ತು ತೇಲುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ಕೆಲವು ರಾಸಾಯನಿಕಗಳು ಕೊಲ್ಲುವುದಿಲ್ಲ. ಮೀನಿನ ಮೈಯೊಳಗೆ ಹೊಕ್ಕು ಹಾರ್ಮೋನಿನ ವೇಷ ಹಾಕುತ್ತವೆ, ಇಲ್ಲವೇ ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಮೀನು ಈಜಾಡಿಕೊಂಡೇ ಇರುತ್ತದೆ. ಮರಿ ಮಾತ್ರ ಆಗುವುದಿಲ್ಲ.

ಹಾರ್ಮೋನು ಎಷ್ಟು ಸ್ವಲ್ಪದಲ್ಲಿ ಕೆಲಸ ಮಾಡುತ್ತದೆ ಅಂತ ತಿಳಿಯಲು ಮೀನುಮರಿ ಕೇಂದ್ರದಲ್ಲಿ ಒಂದು ಸಂಜೆ ನಿಂತರೆ ಸಾಕು. ಕಾಟ್ಲಾ, ರೋಹು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. ತಾಯಿಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಹುರುಪೆಯ ಸಂದಿಯಲ್ಲಿ ಹಾರ್ಮೋನಿನ ಸೂಜಿ ಚುಚ್ಚುತ್ತೇವೆ. ರೋಹುವಿಗೆ ಕೆಜಿಗೆ ಅರ್ಧ ಎಂಎಲ್ ಔಷಧಿಯೂ ಬೇಡ. ಬೆಳಗಾಗುವುದರೊಳಗೆ ತೊಟ್ಟಿ ತುಂಬಾ ಮೊಟ್ಟೆ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ತೋರಿಸಿಕೊಟ್ಟ ದಾರಿ ಇದು. ತಿಲಾಪಿಯಾ ಮರಿಗಳಿಗಂತೂ ಮೂರ್ನಾಲ್ಕು ವಾರ ಗಂಡು ಹಾರ್ಮೋನು ಬೆರೆಸಿದ ಮೇವು ಕೊಟ್ಟರೆ ಹೆಣ್ಣಾಗಬೇಕಿದ್ದವೂ ಗಂಡಾಗುತ್ತವೆ. ನಾವು ಬೇಕೆಂದೇ ಮಾಡುವ ಈ ಕೆಲಸ, ಯಾರ ಲೆಕ್ಕಕ್ಕೂ ಸಿಗದೆ ಕೆರೆಯಲ್ಲಿ ನಡೆದುಬಿಟ್ಟರೆ?

ಕೆನಡಾದಲ್ಲಿ ಇದನ್ನು ಒಂದು ಇಡೀ ಕೆರೆಯಲ್ಲೇ ಮಾಡಿ ನೋಡಿದ್ದಾರೆ. 2001ರಿಂದ 2003ರವರೆಗೆ ಪ್ರತಿ ಬೇಸಿಗೆ, ಗರ್ಭನಿರೋಧಕ ಮಾತ್ರೆಯಲ್ಲಿರುವ ಹೆಣ್ಣು ಹಾರ್ಮೋನನ್ನು ನೀರಿಗೆ ಸೇರಿಸಿದರು. ನೂರು ಕೋಟಿ ಲೀಟರ್ ನೀರಿಗೆ 5–6 ಗ್ರಾಂ ಲೆಕ್ಕದಲ್ಲಿ, ಅಷ್ಟೇ. ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನು ಗಂಡು ಮೀನಿನಲ್ಲಿ ಕಾಣಿಸಿತು. ವೃಷಣದಲ್ಲೇ ಮೊಟ್ಟೆಗಳು ಮೂಡಿದವು. ಅಲ್ಲಿನ ಸಣ್ಣ ಮಿನ್ನೋ ಮೀನಿನ ಸಂತತಿ ಹೆಚ್ಚುಕಡಿಮೆ ಮುಗಿದೇ ಹೋಯಿತು. ಹಾಕುವುದು ನಿಲ್ಲಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಮತ್ತೆ ತುಂಬಿಕೊಂಡಿತು. ನನಗೆ ಆಸೆ ಹುಟ್ಟಿಸುವುದು ಈ ಕೊನೆಯ ಮಾತು.

ನಮ್ಮ ಜಿಲ್ಲೆಯಲ್ಲಿ ನನ್ನ ಚಿಂತೆ ಮುಂಗಾರಿನ ಮೊದಲ ವಾರಗಳದ್ದು. ಮೆಕ್ಕೆಜೋಳ ಬಿತ್ತಿದ ಎರಡು ಮೂರು ದಿನಕ್ಕೇ ಅಟ್ರಾಜಿನ್ ಕಳೆನಾಶಕ ಹೊಡೆಯುತ್ತಾರೆ. ಹಿಂದೆಯೇ ಮಳೆ ಬಂದರೆ ಅದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಗೆಂಡೆ, ಕೊರವ ಹೊಸ ನೀರಿಗೆ ಮೊಟ್ಟೆ ಇಡುವ ಹೊತ್ತೂ ಅದೇ. ಕಪ್ಪೆಯದೂ ಅದೇ. ಲೀಟರಿಗೆ 0.1 ಮೈಕ್ರೋಗ್ರಾಂ ಅಟ್ರಾಜಿನ್ ಸಾಕು, ಗಂಡು ಕಪ್ಪೆಯ ಜನನಾಂಗ ಹೆಣ್ಣಿನ ಕಡೆ ತಿರುಗುತ್ತದೆ ಅಂತ ಅಮೆರಿಕದ ಟೈರೋನ್ ಹೇಸ್ 2002ರಲ್ಲಿ ಬರೆದರು. ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಯುರೋಪು ಮಾತ್ರ 2004ರಲ್ಲಿ ಅದಕ್ಕೆ ಅನುಮತಿ ಮುಂದುವರಿಸಲಿಲ್ಲ. ಅವರ ಕಾರಣ ಬೇರೆ, ಅಂತರ್ಜಲಕ್ಕೆ ಇಳಿಯುತ್ತದೆ ಅನ್ನುವುದು.

ಇನ್ನೊಂದು ವಿಷಯ ನಮ್ಮ ಕಣ್ಣು ಕಟ್ಟುತ್ತದೆ. ಪ್ರತಿ ವರ್ಷ ಹೊರಗಿನಿಂದ ಮರಿ ತಂದು ಬಿಡುತ್ತೇವೆ. ಹಾಗಾಗಿ ಕೆರೆಯೊಳಗೆ ಏನೇ ಕೆಟ್ಟಿದ್ದರೂ ಬಲೆಗೆ ಕಾಟ್ಲಾ ಬೀಳುತ್ತಲೇ ಇರುತ್ತದೆ. ತಾನಾಗಿ ಹುಟ್ಟಬೇಕಾದ ಗೆಂಡೆ, ಕೊರವ ಕಡಿಮೆಯಾದದ್ದು ಹರಾಜಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಹೊಲದವರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು. ಔಷಧಿ ಹೊಡೆದ ಪಂಪು ತೊಳೆದ ನೀರನ್ನು ಕೆರೆಗೆ ಚೆಲ್ಲಬೇಡಿ. ಮೋಡ ಕಟ್ಟಿದ ದಿನ ಸಿಂಪಡಿಸಬೇಡಿ. ಹಳ್ಳದ ಬದಿ ಎರಡು ಮಾರು ಹುಲ್ಲು ಹಾಗೇ ಬಿಡಿ. ಎಡೆಕುಂಟೆ ಹೊಡೆಯಲು ಆಗುವ ಹೊಲಕ್ಕೆ ಸುಮ್ನೆ ಕಳೆನಾಶಕ ಯಾಕೆ?

ಬಲೆ ಎಳೆಯುವವರು ಸಣ್ಣ ಮೀನನ್ನು ಬುಟ್ಟಿಗೆ ಸುರಿಯುವ ಮುಂಚೆ ಒಮ್ಮೆ ನೋಡಿ. ಯಾವ ಜಾತಿ, ಬೆರಳುದ್ದದ ಮರಿ ಇದೆಯಾ ಅಂತ ಮನೆ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಎರಡು ಮಳೆಗಾಲ ಮರಿ ಕಾಣದಿದ್ದರೆ ಆ ಕ್ಯಾಲೆಂಡರ್ ಹಿಡಿದು ಮೀನುಗಾರಿಕೆ ಇಲಾಖೆಗೆ ಬನ್ನಿ, ಜೊತೆಗೆ ನಾಲ್ಕು ಗಂಡು ಗೆಂಡೆಯನ್ನೂ ಜೀವಂತ ತನ್ನಿ. ವೃಷಣದೊಳಗಿನ ಮೊಟ್ಟೆ ಬರಿಗಣ್ಣಿಗೆ ಕಾಣುವುದಿಲ್ಲ. ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು.