ಮೈಯ ಬಿಸಿ ಯಾರ ಮೇಲೆ ಇಳಿಯುತ್ತದೆ?

ಮೈಸೂರಿನಲ್ಲಿ ಓದುತ್ತಿದ್ದಾಗ ಗೆಳೆಯನ ಜೊತೆ ಬೆಳಗಿನ ಆಟಕ್ಕೆ ಹೋಗಿದ್ದೆ. 'ಎ' ಸರ್ಟಿಫಿಕೇಟಿನ ಸಿನಿಮಾ. ಹೊಸದಾಗಿ ಮದುವೆಯಾದ ಹೆಣ್ಣು, ಗಂಡನನ್ನು ಕಣ್ಣು ಮುಚ್ಚಿ ನಂಬಿದವಳು. ಇಬ್ಬರ ಪ್ರಣಯದ ಉದ್ದನೆಯ ದೃಶ್ಯ ಬಂತು. ಥಿಯೇಟರ್ ಉಸಿರು ಬಿಗಿಹಿಡಿದು ಕೂತಿತ್ತು. ಅದಾದ ಸ್ವಲ್ಪ ಹೊತ್ತಿಗೆ, ಅವನಿಗೆ ಬೇರೆ ಊರಲ್ಲಿ ಆಗಲೇ ಒಂದು ಸಂಸಾರ ಇದೆ ಅನ್ನೋದು ಅವಳಿಗೆ ಗೊತ್ತಾಗುತ್ತದೆ. ಬಾಗಿಲ ಬಳಿ ಕುಸಿದು ಅಳುತ್ತಾಳೆ. ನಮ್ಮ ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ನಿಂಗೆ ಹಂಗೇ ಆಗ್ಬೇಕು!" ಉಳಿದವರು ಸಿಳ್ಳೆ ಹೊಡೆದರು.

ಮೋಸ ಹೋದವಳು ಅವಳು. ಬೈಗುಳ ತಿಂದವಳೂ ಅವಳೇ. ಯಾಕೆ ಹೀಗೆ ಅನ್ನೋ ಪ್ರಶ್ನೆ ನನ್ನನ್ನು ಬಹಳ ವರ್ಷ ಬಿಡಲಿಲ್ಲ.

ಉತ್ತರದ ಒಂದು ಎಳೆ ಸಿಕ್ಕಿದ್ದು ಡಾಲ್ಫ್ ಜಿಲ್‌ಮನ್ ಎಂಬ ಮನಃಶಾಸ್ತ್ರಜ್ಞನ ಕೆಲಸದಲ್ಲಿ. ಕೋಪ, ಕಾಮ, ಭಯ ಯಾವುದೇ ಇರಲಿ, ಮೈ ಕೆರಳುವ ರೀತಿ ಹೆಚ್ಚುಕಮ್ಮಿ ಒಂದೇ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಅಂಗೈ ಬೆವರುತ್ತದೆ. ಮನಸ್ಸು ಮುಂದಿನ ದೃಶ್ಯಕ್ಕೆ ಕ್ಷಣದಲ್ಲಿ ಜಿಗಿಯುತ್ತದೆ. ಆದರೆ ರಕ್ತಕ್ಕೆ ಇಳಿದ ಅಡ್ರಿನಾಲಿನ್ ಎಂಬ ಹಾರ್ಮೋನ್ ಅಷ್ಟು ಬೇಗ ಕರಗುವುದಿಲ್ಲ. ಹಾಗೆ ಉಳಿದ ಬಿಸಿ, ನಂತರ ಬರುವ ಭಾವನೆಗೆ ಹೋಗಿ ಸೇರುತ್ತದೆ. ಇದಕ್ಕೆ ಅವರು ಉದ್ರೇಕದ ವರ್ಗಾವಣೆ ಅಂದರು.

ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇದು ಗೊತ್ತಿರುತ್ತದೆ. ನಂದಿಯ ಹತ್ತಿರ ಕೂತು ನೀರು ಕುಡಿದು, ಸುಧಾರಿಸಿಕೊಂಡೆವು ಅಂದುಕೊಳ್ಳುತ್ತೇವೆ. ಆಗ ಯಾರೋ ಸುಮ್ನೆ ಭುಜ ತಾಗಿಸಿಕೊಂಡು ಹೋದರೂ ಕೋಪ ಜಾಸ್ತಿ ಬರುತ್ತದೆ, ಅಲ್ವಾ?

1975ರಲ್ಲಿ ಜಿಲ್‌ಮನ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಗಂಡಸರಿಂದ ವ್ಯಾಯಾಮದ ಸೈಕಲ್ ತುಳಿಸಿ, ಆಮೇಲೆ ಕಾಮಪ್ರಚೋದಕ ಸಿನಿಮಾ ತೋರಿಸಿದರು. ಸೈಕಲ್ ಇಳಿದ ಕೂಡಲೇ ನೋಡಿದವರಿಗೆ ಅದು ಅಷ್ಟಾಗಿ ತಟ್ಟಲಿಲ್ಲ. ಈ ಏದುಸಿರು ಸೈಕಲ್‌ನದ್ದು ಅಂತ ಅವರಿಗೆ ಗೊತ್ತಿತ್ತು. ಪೂರ್ತಿ ತಣ್ಣಗಾದವರಿಗೂ ಅಷ್ಟೇ. ಜಾಸ್ತಿ ಕೆರಳಿದವರು ನಡುವಿನವರು. ಮೈ ಇನ್ನೂ ಬಿಸಿ ಇತ್ತು, ಅವರು ಮಾತ್ರ ಆರಿದೆ ಅಂದುಕೊಂಡಿದ್ದರು.

ನನ್ನನ್ನು ಹೆಚ್ಚು ಕಾಡುವುದು ಜಿಲ್‌ಮನ್ ಅವರದ್ದೇ 1971ರ ಪ್ರಯೋಗ. ಮೊದಲು ಕೆಣಕಿಸಿಕೊಂಡು ಸಿಟ್ಟಾದ ಜನರಿಗೆ ಬೇರೆ ಬೇರೆ ಸಿನಿಮಾ ತೋರಿಸಿದರು. ಆಮೇಲೆ ಕೆಣಕಿದವನಿಗೆ ಕರೆಂಟ್ ಶಾಕ್ ಕೊಡುವ ಗುಂಡಿ ಅವರ ಕೈಗೆ ಬಂತು. ಹೊಡೆದಾಟದ ಸಿನಿಮಾ ನೋಡಿದವರಿಗಿಂತ ಜೋರಾಗಿ ಶಾಕ್ ಕೊಟ್ಟವರು ಪ್ರಣಯದ ಸಿನಿಮಾ ನೋಡಿದವರು! ಆ ಸಿನಿಮಾದಲ್ಲಿ ಹಿಂಸೆಯೇ ಇರಲಿಲ್ಲ. ಹಾಗಂತ ಎಲ್ಲ ಶೃಂಗಾರವೂ ಸಿಟ್ಟು ಏರಿಸುವುದಿಲ್ಲ. ಸೌಮ್ಯ ಶೃಂಗಾರದ ಫೋಟೋಗಳು ಸಿಟ್ಟನ್ನು ಇಳಿಸಿದ್ದನ್ನು ಇನ್ನೊಬ್ಬ ಮನಃಶಾಸ್ತ್ರಜ್ಞ ರಾಬರ್ಟ್ ಬ್ಯಾರನ್ 1974ರಲ್ಲಿ ತೋರಿಸಿದರು. ಬಿಸಿ ಎಷ್ಟಿದೆ, ಎದುರಿಗೆ ಯಾರಿದ್ದಾರೆ ಅನ್ನೋದು ಮುಖ್ಯ.

ಆ ದಿನ ನಮ್ಮೆದುರು ಇದ್ದವಳು ಅವಳೊಬ್ಬಳೇ. ಮೋಸ ಮಾಡಿದ ಗಂಡ ಆ ದೃಶ್ಯದಲ್ಲಿ ಇರಲೇ ಇಲ್ಲ. ಕ್ಯಾಮೆರಾ ಅವಳ ಅಳುವ ಮುಖವನ್ನು, ಜಾರಿದ ಸೆರಗನ್ನು ಬಿಟ್ಟು ಕದಲಲಿಲ್ಲ. ಅದೇ ಬಿಸಿ ಮರುಕವಾಗಬಹುದಿತ್ತು, ಅವನ ಮೇಲಿನ ಕೋಪವೂ ಆಗಬಹುದಿತ್ತು. ಮುಗ್ಧಳೊಬ್ಬಳ ನಂಬಿಕೆ ಒಡೆಯುವುದನ್ನು ತೋರಿಸುವವರು, ಆ ಹೊತ್ತಿಗೆ ನೋಡುಗನ ಮೈ ಯಾವ ಸ್ಥಿತಿಯಲ್ಲಿದೆ ಅಂತ ಯೋಚಿಸಲೇಬೇಕು.

ಪ್ರಣಯಕ್ಕೂ ಅಳುವಿಗೂ ನಡುವೆ ಕೆಲವೇ ನಿಮಿಷ ಇದ್ದಿರಬೇಕು. ಹೊರಗೆ ಬಂದು ಟೀ ಕುಡಿಯುವಾಗ ಗೆಳೆಯ ಮಾತೇ ಆಡಲಿಲ್ಲ. ನಾನು ಆಡಿದೆ. ನಾನೂ ಅವಳನ್ನೇ ಬೈದಿದ್ದೆ.